ಮಕ್ಕಳೇ, ಟೀಚರ್ ಏನು ಮಾಡಿದರು?

ಲುವಿಂಗು
೧೪ ಜೂನ್ ೨೦೧೧

ಮ್ವಾಪೆಯ ಅಮ್ಮನಿಗೆ,

ನಮ್ಮ ಕಡೆಯ ನಮಸ್ಕಾರದ ರೂಢಿಯಂತೆ ಎರಡು ಸಲ ಮೆಲ್ಲಗೆ ಚಪ್ಪಾಳೆ ತಟ್ಟಿ ಕೇಳುತ್ತಿದ್ದೇನೆ, ಹೇಗಿದ್ದೀಯ? ಒಂಬತ್ತು ವರ್ಷ ಒಂದು ಸಾಲೂ ಗೀಚದವನು ಈಗ ಕಾಗದ ಬರೆದಿದ್ದಾನಲ್ಲ, ಯಾರಾದರೂ ಸತ್ತರೋ ಏನೋ ಅಂತ ಗಾಬರಿಯಾಗಬೇಡ. ಯಾರೂ ಸತ್ತಿಲ್ಲ. ಮಗಳು ಮ್ವಾಪೆ ಕಿಟ್ವೆಯಲ್ಲಿ ಗಂಡನ ಜತೆ ಚೆನ್ನಾಗಿದ್ದಾಳೆ, ನಿನಗೂ ಗೊತ್ತಿರುತ್ತದೆ. ನನ್ನ ಮಂಡಿ ಮಾತ್ರ ಈ ಜೂನ್ ತಿಂಗಳ ಚಳಿಗೆ ಕೈಕೊಟ್ಟಿದೆ.

ನಿನಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಐದು ವರ್ಷದಿಂದ ಇಲ್ಲಿ ಊರವರೇ ಕಟ್ಟಿಕೊಂಡ ಶಾಲೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವನು ನಾನು. ಪಾಠ ಮಾಡುವುದು ರೇಡಿಯೋ, ಅಂದರೆ ನೀನು. ಕರೆಂಟಿಲ್ಲದೆ ನಡೆಯುವ ರೇಡಿಯೋ ಅದು, ಬೆಳಿಗ್ಗೆ ಒಂಬತ್ತಕ್ಕೆ ಹಿಡಿಕೆ ತಿರುಗಿಸಿ ಮೇಜಿನ ಮೇಲಿಡುತ್ತೇನೆ. ಲುಸಾಕಾದಲ್ಲಿ ಎಂದೋ ಧ್ವನಿಮುದ್ರಿಸಿದ ನಿನ್ನ ದನಿ, ಟೀಚರ್, ಬಾಗಿಲವರೆಗೆ ನಿಧಾನವಾಗಿ ನಡೆಯಿರಿ ಅನ್ನುತ್ತದೆ. ನಡೆಯುತ್ತೇನೆ. ಮಕ್ಕಳೇ, ಟೀಚರ್ ಏನು ಮಾಡಿದರು ಅಂತ ಕೇಳಿ ನೀನು ಸುಮ್ಮನಾಗುತ್ತೀಯ. ನೀನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ನಲವತ್ತು ಮಕ್ಕಳೂ ‘ಹಿ ವಾಕ್ಡ್ ಸ್ಲೋಲಿ’ ಅಂತ ಕೂಗಬೇಕು. ಮಾಡಿದ್ದು ಮೊದಲು, ಹೇಗೆ ಮಾಡಿದ್ದು ಆಮೇಲೆ, ಇಂಗ್ಲಿಷಿನ ಕ್ರಮ ಅದು ಅಂತ ನೀನೇ ಹೇಳಿಕೊಟ್ಟಿದ್ದೀಯ. ‘ಆಲ್ವೇಸ್’, ‘ನೆವರ್’ ಅನ್ನುವಂಥವು ಮಾತ್ರ ಜಂಬದವು, ಕ್ರಿಯಾಪದಕ್ಕಿಂತ ಮುಂದೆ ಹೋಗಿ ನಿಲ್ಲುತ್ತವೆ ಅಂತಲೂ ಹೇಳಿದ್ದೀಯ. ಮನೆಯಲ್ಲಿದ್ದಾಗ ನಿನ್ನ ಒಂದು ಮಾತಿಗೂ ಮೇಲೇಳದವನು ಈಗ ಕೂರು ಅಂದರೆ ಕೂರುತ್ತೇನೆ, ಕುಣಿ ಅಂದರೆ ಈ ಮಂಡಿಯಲ್ಲೂ ಕುಣಿಯುತ್ತೇನೆ. ನೀನು ನೋಡಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಹನ್ನೊಂದಕ್ಕೆ ಮಕ್ಕಳು ಹೊರಟುಹೋಗುತ್ತಾರೆ. ಆಮೇಲೆ ಮಾತಾಡುವವರಿಲ್ಲ. ಒಬ್ಬನಿಗೋಸ್ಕರ ಮುದ್ದೆ ತಿರುವುವುದು ಬೇಜಾರಿನ ಕೆಲಸ ಕಣೇ. ಶನಿವಾರ, ಭಾನುವಾರ ಪಾಠವೂ ಇರುವುದಿಲ್ಲ, ಆ ಎರಡು ದಿನ ಕಳೆಯುವುದೇ ಕಷ್ಟ.

ಹೋದ ವಾರ ನಿಮ್ಮ ಪ್ರಸಾರ ಕಚೇರಿಯಿಂದ ಸಿಮುಕೊಂಡ ಮೇಡಂ ಬಂದಿದ್ದರು. ನಾನು ನಿನ್ನ ಗಂಡ ಅಂತ ಅವರಿಗೆ ಗೊತ್ತಿಲ್ಲ, ನಾನೂ ಬಾಯಿ ಬಿಡಲಿಲ್ಲ. ಪಾಠಗಳನ್ನೆಲ್ಲ ಹೊಸದಾಗಿ ಧ್ವನಿಮುದ್ರಿಸುತ್ತಾರಂತೆ. ಹಳೇ ಟೀಚರಮ್ಮನ್ನೇ ಇಟ್ಕೊಳ್ಳೋದೋ, ಬೇರೆಯವ್ರನ್ನ ಹಾಕೋದೋ ಅಂತ ಯೋಚ್ನೆ ಮಾಡ್ತಿದೀವಿ, ಈ ಜಿಲ್ಲೇಲಿ ನೀವೇ ಹಿರೀರು, ನಾಲ್ಕು ಸಾಲು ಬರ್ಕೊಡಿ, ನೀವು ಹೇಳ್ದಂಗೇ ಮಾಡ್ತೀವಿ ಅಂದರು.

ಬರೆದುಕೊಟ್ಟೆ. ಈಕೆಯ ಇಂಗ್ಲಿಷು ಮಕ್ಕಳಿಗೆ ಅರ್ಥವಾಗುವುದಿಲ್ಲ, ಬದಲಾಯಿಸಿ ಅಂತ ಬರೆದೆ. ಹೌದು, ನಾನೇ. ಕೆಲಸ ಹೋದರೆ ನಿನಗೆ ಲುಸಾಕಾದಲ್ಲಿ ಇನ್ನೇನಿದೆ, ಮನೆಗೇ ಬರುತ್ತೀಯ ಅಂದುಕೊಂಡೆ. ಥೂ, ಎಂಥ ಗಂಡಸು ನಾನು.

ಮಾರನೇ ದಿನದ ಪಾಠದಲ್ಲಿ ನೀನು, ಟೀಚರ್, ಜೋರಾಗಿ ನಗಿ ಅಂದೆ. ನನಗೆ ಆಗಲಿಲ್ಲ. ಮಕ್ಕಳೇನೋ ರೂಢಿಯಂತೆ, ಜೋರಾಗಿ ನಕ್ಕರು ಅಂತಲೇ ಕೂಗಿದವು. ಮುಂದಿನ ಸಾಲಿನ ಲೊಂಬೆ ಅನ್ನುವ ಹುಡುಗಿ ಒಬ್ಬಳೇ ಎದ್ದುನಿಂತು, ‘ಹಿ ಸ್ಟುಡ್ ಕ್ವೈಟ್ಲಿ’ ಅಂದಳು. ನೀನು ರೇಡಿಯೋದೊಳಗಿಂದ ಎಲ್ಲರಿಗೂ ಶಾಭಾಷ್ ಹೇಳಿದೆ. ಶಾಲೆ ಬಿಟ್ಟಮೇಲೆ ಅವಳು ಹತ್ತಿರ ಬಂದು, ಮೇಷ್ಟ್ರೇ, ಆ ಟೀಚರಮ್ಮಂಗೆ ನೀವು ಕಾಣ್ಸಲ್ಲ ಅಂತ ಮೋಸ ಮಾಡ್ತೀರಾ ಅಂತ ಕೇಳಿದಳು. ಎಂಟು ವರ್ಷದ ಕೂಸು ಅವಳು.

ಇಲ್ಲಿನ ಮಕ್ಕಳಿಗೆ ನಿನ್ನಷ್ಟು ಚೆನ್ನಾಗಿ ಇನ್ಯಾರೂ ಕಲಿಸಲಾರರು. ಈ ಮಾತನ್ನು ನೀನು ರೇಡಿಯೋ ಕೆಲಸಕ್ಕೆ ಅಂತ ಲುಸಾಕಾಗೆ ಹೊರಟ ದಿನವೇ ಹೇಳಬೇಕಿತ್ತು. ಅವತ್ತು ನಾನು ಹೇಳಿದ್ದು, ಹೋಗೋದಾದ್ರೆ ಹೋಗು, ತಿರುಗಿ ಬರ್ಬೇಡ ಅಂತ. ನೀನು ಹಾಗೇ ಮಾಡಿದೆ. ತಪ್ಪು ನನ್ನದು. ನೀನಿಲ್ಲದೆ ನನಗೆ ತುಂಬ ಒಂಟಿ ಅನಿಸುತ್ತದೆ.

ಹಿಂದೆ ಬರೆದುಕೊಟ್ಟಿದ್ದು ಸುಳ್ಳು ಅಂತ ಒಪ್ಪಿಕೊಂಡು ಮೇಡಂಗೆ ಇನ್ನೊಂದು ಕಾಗದ ಬರೆದಿದ್ದೇನೆ. ಅಂಚೆಗೂ ಹಾಕಿಯಾಯಿತು. ನಿನ್ನ ಕೆಲಸಕ್ಕೆ ಏನೂ ಆಗುವುದಿಲ್ಲ, ನೆಮ್ಮದಿಯಾಗಿರು.

ಇನ್ನೂ ನಿನ್ನ ಗಂಡನೇ ಆಗಿರುವ,
ಕಪೆಂಬ್ವ

ತಾ.ಕ.: ಅಂಚೆಗೆ ಹಾಕಿದೆ ಅಂದದ್ದು ಸುಳ್ಳು. ಆ ಕಾಗದ ಈ ಲಕೋಟೆಯಲ್ಲೇ ಇದೆ, ಅಂಟಿಸಿಲ್ಲ. ತೀರ್ಮಾನ ಈ ತಿಂಗಳ ಕೊನೆಗಂತೆ, ಅಷ್ಟರೊಳಗೆ ಮೇಡಂ ಕೈಸೇರಬೇಕು, ಅವರು ಕೂರುವುದು ನಿನ್ನ ಪಕ್ಕದ ಕೋಣೆಯಲ್ಲೇ ಅಂತೆ. ನೀನು ಅದನ್ನು ಹರಿದುಹಾಕಿ ಊರಿನ ಬಸ್ಸು ಹತ್ತಿಬಿಡುತ್ತೀಯೇನೋ ಅನ್ನುವ ಆಸೆಗೇ ನಿನ್ನ ಕೈಗೆ ಕಳಿಸುತ್ತಿದ್ದೇನೆ. ಹರಿಯಬೇಡ, ಅವರಿಗೆ ಕೊಟ್ಟುಬಿಡು.