ಹಾಲು ಆರೋವರೆಗೂ

ಪಾಲಹಳ್ಳಿ
14 ಏಪ್ರಿಲ್ 2025, ಸೋಮವಾರ

ಪ್ರೀತಿಯ ಜಯಕ್ಕಂಗೆ,

ನಿನ್ನ ಅಣ್ಣಮ್ಮ ಮಾಡೋ ನಮಸ್ಕಾರ. ಸಿಂಧಘಟ್ಟದಲ್ಲಿ ನೀನು, ಮಗಳು ಅರ್ಪಿತ, ಅಳಿಯಂದ್ರು ಎಲ್ಲಾ ಚೆಂದಾಗಿದ್ದೀರ ಅಂದ್ಕೊಂಡಿವ್ನಿ. ನಿನ್ನ ಕಾಗ್ದ ಬಂದು ನಲವತ್ತು ದಿನ ಆಯ್ತು. ಬೈಕೋತಿದ್ದೀಯ ಅಂತ ಗೊತ್ತು, ಬೈಕೊ. ಫೋನಲ್ಲಿ ನಿನ್ನ ಕಿವೀಗೆ ಕೇಳೋ ಅಂಗೆ ಕೂಗಿದ್ರೆ ಇಡೀ ಪಾಲಹಳ್ಳಿಗೇ ಗೊತ್ತಾಯ್ತದೆ. ಅದ್ಕೇ ಬರೀತಾ ಇವ್ನಿ. ಕನ್ನಡಕ ಹಾಕ್ಕಂಡು ನೀನೇ ಓದ್ಕೊ, ಯಾರ ಕೈಗೂ ಕೊಡ್ಬೇಡ.

ಇಲ್ಲಿ ನಾಲೇಲಿ ನೀರು ಬುಟ್ಟವ್ರೆ. ನಿನ್ನ ಹಳೇ ಮನೆ ಮುಂದ್ಲ ನುಗ್ಗೆ ಮರ ಈ ಸಲ ಮೈತುಂಬ ಕಾಯಿ ಬುಟ್ಟಿತ್ತು. ನಾನೇ ಕಿತ್ಕೊಂಡು ಸಾರು ಮಾಡ್ದೆ, ಶಾಪ ಹಾಕ್ಬೇಡ. ನಾನು ಡೇರಿ ಟೆಸ್ಟರ್ ಕೆಲ್ಸ ಬುಟ್ಟು ಮೂರು ವರ್ಷ ಆಯ್ತಲ್ಲ, ಈಗ ಹಾಲು ನೋಡಾಕೆ ಮಿಷನ್ ತಂದವ್ರೆ. ಆದ್ರೂ ಐದೂವರೆಗೆ ಎಚ್ಚರ ಆಯ್ತದೆ. ಹಾಲಿನ ವಾಸ್ನೆ ಮೂಗು ಬುಟ್ಟು ಹೋಗಾಕಿಲ್ಲ.

ನೀನು ಬರ್ದಿದ್ದೆ: 'ಅಪ್ಪು, ಪ್ರಿಯಾಂಕ ಇಬ್ರೂ ನಾಗಮಂಗಲದಿಂದ ಬಂದಿದ್ರು. ನಮ್ಮನೇಲೇ ಬಂದಿರು ಅತ್ತೆ ಅಂತ ಅವ್ಳು ಕಾಲಿಗೆ ಬಿದ್ಲು. ಹಾಲಿಗೆ ನೀರು ಉಯ್ದ ಸೊಸೆ ಕೈಲಿ ಎಂಗೆ ಉಣ್ಲಿ? ಅವತ್ತು ಅಳೆದೋಳು ನೀನು. ನೀನು ಹೋಗು ಅಂದ್ರೆ ಹೋಯ್ತೀನಿ, ಬ್ಯಾಡ ಅಂದ್ರೆ ಬ್ಯಾಡ.'

ಹನ್ನೆರಡು ವರ್ಷದ ಹಿಂದೆ ಡೇರೀಲಿ ನಿನ್ನ ಹಾಲಿಗೆ ಮೀಟ್ರು ಬುಟ್ಟು ನೋಡಿ, ಎಲ್ಲಾರ ಮುಂದೆ 'ಜಯಕ್ಕ, ಡಿಗ್ರಿ ಕಮ್ಮಿ ಬಂದೈತೆ, ನೀರು ಬಿದ್ದೈತೆ' ಅಂದೋಳು ನಾನೇ. ನೀನು 'ಅಣ್ಣಮ್ಮನ ಮೀಟ್ರು ಸುಳ್ಳು ಹೇಳಾಕಿಲ್ಲ' ಅಂದೆ. ಆಮೇಲೆ ಮನೆಗೆ ಹೋಗಿ, ಹಾಲು ಕರೆದಿದ್ದ ಹೊಸ ಸೊಸೇನ ಕೇಳ್ದೆ. ಪ್ರಿಯಾಂಕ ಹಸೂನ ಮುಟ್ಟಿ ಆಣೆ ಮಾಡಿದ್ಲು. ನೀನು ನಂಬ್ನಿಲ್ಲ. ಎರಡೇ ತಿಂಗ್ಳಿಗೆ ನಿನ್ನ ಮಗ ಅಪ್ಪು ಅವ್ಳನ್ನ ಕರ್ಕೊಂಡು ನಾಗಮಂಗಲಕ್ಕೆ ಹೊಂಟೋದ.

ನಿನ್ನ ಕಾಗ್ದ ಬಂದದ್ದು ಈಸ್ಟರ್ ಹಬ್ಬಕ್ಕೆ ಮುಂಚಿನ ನಮ್ಮ ತಪಸ್ಸುಕಾಲ ಸುರುವಾದ ದಿನ. ಹಣೇಗೆ ಬೂದಿ ಇಡುಸ್ಕೊಂಡು ಆಗ್ತಾನೆ ಚರ್ಚಿಂದ ಬಂದಿದ್ದೆ. ಸ್ವಾಮೇರ ಮುಂದೆ ತಪ್ಪು ಒಪ್ಕೊಳ್ಳೋ ಪಾಪನಿವೇದನೆಗೆ ಮುಂಚೆ ನಾವು ನಮ್ಮ ತಪ್ಪು ಹುಡುಕ್ತೀವಲ್ಲ, ಅದು ಸಾಲ್ದು ಅಂದ್ರು ನಮ್ಮ ಚರ್ಚಿನ ಸ್ವಾಮೇರು. 'ನೀವು ಹುಡುಕಿದ್ರೆ ನಿಮಗೆ ಬೇಕಾದ್ದೇ ಸಿಕ್ತದೆ. ದೇವ್ರನ್ನೇ ಕರೀರಿ. ಬಾ ಸ್ವಾಮಿ, ನನ್ನ ಎದೆ ನೀನೇ ನೋಡು, ಕಂಡದ್ದ ನಂಗೂ ತೋರ್ಸು ಅನ್ನಿ. ಆಮೇಲೆ ಸುಮ್ನೆ ಕೂತ್ಕೊಳಿ' ಅಂದ್ರು. ಸುಮ್ನೆ ಕೂರಾದು ನನ್ನ ಕೈಲಾಯ್ತದಾ, ನೀನೇ ಹೇಳು! ಆದ್ರೂ ದಿನಾ ಬೆಳಿಗ್ಗೆ ಕೂತೆ. ಮೊದಮೊದ್ಲು ನುಗ್ಗೇಕಾಯಿ ಕದ್ದದ್ದು, ವಾರಗಿತ್ತಿ ಮೇಲೆ ಸಿಡುಕಿದ್ದು, ಇಂತಾವೇ ಬಂದ್ವು. ದೇವ್ರೂ ಇಷ್ಟೇ ನೋಡಾದು ಅಂತ ಒಸಿ ಸಮಾಧಾನ ಆಯ್ತು.

ನೆನ್ನೆ ಗರಿಗಳ ಭಾನುವಾರ. ಪೂಜೆ ಮುಗಿಸಿ, ಚರ್ಚಲ್ಲಿ ಕೊಟ್ಟ ತೆಂಗಿನ ಗರಿ ಕೈಲಿಡ್ಕೊಂಡೇ ಜಗುಲಿ ಮೇಲೆ ಕೂತು ಅದೇ ಜಪ ಮಾಡ್ತಿದ್ದೆ. ಬಿಸ್ಲು, ನಾಲೆ ಸದ್ದು, ಬೇವಿನ ಹೂವಿನ ವಾಸ್ನೆ. ಕಣ್ಣು ಮುಚ್ಚಿತ್ತೋ ತೆರೆದಿತ್ತೋ ಗೊತ್ತಿಲ್ಲ. ನೋಡ್ತೀನಿ, ನಮ್ಮ ಚರ್ಚೊಳಗೆ ಡೇರಿ ಲೈನು! ನೆಲದ ಮೇಲೆಲ್ಲಾ ಹಾಲಿನ ಬಣ್ಣದ ಬೆಳಕು, ಪಾದ ಊರಿದ್ರೆ ಬೆಚ್ಚಗೆ. ನಾನೂ ಚೊಂಬು ಹಿಡ್ಕೊಂಡು ನಿಂತಿವ್ನಿ. ಪೀಠದ ಹತ್ರ ನನ್ನ ಹಳೇ ಟೇಬಲ್ಲು, ಅದರ ಹಿಂದೆ ಒಬ್ರು ಅಂಗಿ ತೋಳು ಮಡಿಸ್ಕೊಂಡು ನಿಂತವ್ರೆ. ಮುಖ ಕಾಣ್ನಿಲ್ಲ, ಕೈ ಮಾತ್ರ ಕಂಡ್ವು. ನನ್ನ ಸರದಿ ಬಂತು. 'ಬೇಗ ನೋಡ್ಬುಡಿ ಸ್ವಾಮಿ' ಅಂತ ಚೊಂಬು ಕೊಟ್ಟೆ. ಅವ್ರು ಮೀಟ್ರು ಮುಟ್ನೇ ಇಲ್ಲ. ಚೊಂಬಿನ ಮೇಲೆ ಅಂಗೈ ಇಟ್ಟು, 'ಇನ್ನೂ ಬಿಸಿ ಐತಲ್ಲವ್ವ. ಆರ್ಲಿ, ನಾನು ಕಾಯ್ತೀನಿ' ಅಂದ್ರು. ಹಿಂದೆ ಅಷ್ಟುದ್ದ ಲೈನಿದ್ರೂ ಯಾರೂ ಗೊಣಗ್ನಿಲ್ಲ. ನಾನು ಅಲ್ಲೇ ನಿಂತು ಅಳ್ತಿದ್ದೆ. ಎಚ್ಚರ ಆದಾಗ ಕೆನ್ನೆ ಒದ್ದೆಯಾಗಿತ್ತು, ಕೈಲಿದ್ದ ಗರಿ ಬಾಡಿತ್ತು.

ಇನ್ನು ನಿನ್ನ ಪ್ರಶ್ನೆ. ಹೋಗಕ್ಕ. ನಾಗಮಂಗಲಕ್ಕೆ ಹೋಗು. ಪ್ರಿಯಾಂಕನ ಕೈಲಿ ಹೊಟ್ಟೆ ತುಂಬ ಉಣ್ಣು. ಏಸುಸ್ವಾಮಿ ನಿನ್ನ ತಣ್ಣಗಿಟ್ಟಿರ್ಲಿ. ನಿಮ್ಮ ದೇವ್ರೂ ಜೊತೇಗೆ ಸೇರ್ಕೊಳ್ಲಿ, ನನ್ನ ಅಭ್ಯಂತರ ಏನಿಲ್ಲ.

ಇಂತಿ ನಿನ್ನ,
ಅಣ್ಣಮ್ಮ

ತಾ.ಕ.: ಅಂಟು ಹಚ್ಚಿದ ಕವರ ಬಿಚ್ಚಿ ಮತ್ತೆ ಬರೀತಾ ಇವ್ನಿ. ಹೋಗು ಅಂದ್ನೇ ಹೊರ್ತು ಯಾಕೆ ಅಂತ ಬರೀನಿಲ್ಲ. ಅವತ್ತು ನೀನು ಕೊನೇಲಿ ಓಡ್ಬಂದೆ. ಹಾಲು ಆಗ್ತಾನೆ ಕರೆದದ್ದು, ನೊರೆ ಕೂಡ ಇಳಿದಿರ್ನಿಲ್ಲ. ಬೆಚ್ಚಗಿರೋ ಹಾಲಲ್ಲಿ ಮೀಟ್ರು ಜಾಸ್ತಿ ಮುಳುಗ್ತದೆ, ಡಿಗ್ರಿ ಕಮ್ಮಿ ತೋರುಸ್ತದೆ. ಆರಿಸಿ ನೋಡ್ಬೇಕು. ಟೆಸ್ಟರಿಗೆ ಕಲ್ಸೋ ಮೊದಲ್ನೇ ಪಾಠ ಅದು. ಹಾಲಿನ ಲಾರಿ ಹಾರನ್ ಹೊಡೀತಿತ್ತು, ಅವಸರ ಮಾಡ್ಬುಟ್ಟೆ. 'ಅವಸರದಲ್ಲಿ ಒಂದು ತಪ್ಪಾಯ್ತು' ಅಂತ ಸ್ವಾಮೇರ ಹತ್ರ ಎಷ್ಟೋ ಸಲ ಹೇಳಿವ್ನಿ. ಹೇಳ್ದೇ ಉಳ್ಸಿದ್ದು ಬೇರೆ.

ಲಾರಿ ಹೋದ್ಮೇಲೆ ಗ್ಲಾಸು ತೊಳೆಯಾಕೆ ತಗಂಡೆ. ನಿನ್ನ ಹಾಲು ಅದ್ರಲ್ಲೇ ಇತ್ತು, ಆರಿತ್ತು. ಮೀಟ್ರು ಮೇಲೆದ್ದು ಸರ್ಯಾದ ಗೆರೇಲಿ ನಿಂತಿತ್ತು. ನೀನು ಹೊರಗೆ ಕಟ್ಟೆ ಮೇಲೆ, ಕಾಲ ಹತ್ರ ನಾನು ವಾಪಸ್ ಕೊಟ್ಟ ಹಾಲಿನ ಕ್ಯಾನು ಇಟ್ಕೊಂಡು ಇನ್ನೂ ಕೂತೇ ಇದ್ದೆ. ಸುತ್ತ ಜನ ಇದ್ರು. ಆಗ ನಿನ್ನ ಕಿವೀನೂ ಚೆನ್ನಾಗಿತ್ತು, ಒಂದ್ಸಲ ಕೂಗಿದ್ರೆ ಸಾಕಾಗಿತ್ತು. ನನ್ನ ಮೀಟ್ರು ತಪ್ಪು ಅನ್ನಾಕೆ ಬಾಯಿ ಬರ್ನಿಲ್ಲ. ಹಾಲ ಚೆಲ್ಲಿ ಗ್ಲಾಸು ತೊಳೆದಿಟ್ಟೆ.

ಯಾರ ಕೈಗೂ ಕೊಡ್ಬೇಡ ಅಂದಿದ್ನಲ್ಲ, ಅದ ಮರ್ತುಬುಡು. ಇದ ಪ್ರಿಯಾಂಕನ ಕೈಗೆ ಕೊಡು. ಅವ್ಳೇ ಜೋರಾಗಿ ಓದ್ಲಿ. ನೀನು ಪಕ್ಕದಲ್ಲಿ ಕೂತು ಕೇಳುಸ್ಕೊ.