ಮರಳಿನಲ್ಲಿ ಬೆಳೆದ ರೋಡೋಡೆಂಡ್ರಾನ್

ಗೊಟ್ಟಿಗೆರೆ
ಫೆಬ್ರವರಿ ೧೮, ೨೦೨೫

ನನ್ನ ಶಾಲಿನಿಗೆ,

ಗಂಡನಿಗೆ ಪೆಟ್ಟಾಗಿದೆ ಎಂದು ಕೇಳಿ ಆಸ್ಪತ್ರೆಗೆ ಹೊರಟು ನಿಂತಿದ್ದೀಯಂತೆ. ನಿನ್ನ ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುವ ಲಕ್ಷ್ಮಮ್ಮ ಹೇಳಿದಳು. ಹೊರಡಬೇಡ. ಫೋನಿನಿಂದ ನೀನಿರುವ ಜಾಗ ಪತ್ತೆ ಮಾಡುತ್ತಾನೆಂದು ಅದನ್ನು ಬಂದ್ ಮಾಡಿಸಿದವಳು ನಾನೇ, ಅದಕ್ಕೇ ಈ ಕಾಗದವನ್ನು ಅವಳ ಕೈಯಲ್ಲಿ ಕಳಿಸುತ್ತಿದ್ದೇನೆ. ಪೂರ್ತಿ ಓದಿ, ಆಮೇಲೆ ಚಪ್ಪಲಿ ಮೆಟ್ಟು.

ಭಾನುವಾರ ಮಧ್ಯಾಹ್ನ ನಿನ್ನ ಗಂಡ ದೇವರಾಜ್ ಕುಡಿದು ಬಂದ. ನೀನೆಲ್ಲಿ ಎಂದು ಕೇಳಿದ, ಗೊತ್ತಿಲ್ಲ ಎಂದೆ. “ಮಗಳನ್ನ ಬಚ್ಚಿಟ್ಟು ಗಿಡಕ್ಕೆ ನೀರು ಹಾಕ್ತಿದ್ದೀಯಾ” ಎಂದು ಜುಟ್ಟು ಹಿಡಿದು ಗೋಡೆಗೆ ಬಡಿದ. ಬಾಯಿ ತುಂಬ ರಕ್ತ. ಒಂದು ಹಲ್ಲು ಇನ್ನೂ ಅಲ್ಲಾಡುತ್ತಿದೆ. ಆಮೇಲೆ ನಮ್ಮ ರೋಡೋಡೆಂಡ್ರಾನ್ ಗಿಡದ ಬುಡಕ್ಕೆ ಕೈ ಹಾಕಿದ. ಅದರ ಬೇರು ಆಳಕ್ಕಿಳಿಯುವುದಿಲ್ಲವಲ್ಲ, ಒಂದೇ ಎಳೆತಕ್ಕೆ ಕಿತ್ತು ಬಂತು. ಈ ವರ್ಷ ಮೊದಲ ಸಲ ಬಿಟ್ಟಿದ್ದ ಕೆಂಪು ಗೊಂಚಲನ್ನು ಹಿಮ್ಮಡಿಯಲ್ಲಿ ಅರೆದ. ಹೊರಡುವಾಗ ಒದ್ದೆ ಚಪ್ಪಡಿಯ ಮೇಲೆ ಜಾರಿ ಬಿದ್ದು ತಲೆ ಒಡೆದುಕೊಂಡ. ಸಾಯುವುದಿಲ್ಲ.

ನೀನು ಆ ಸಸಿಯನ್ನು ಊಟಿಯಿಂದ ತಂದಾಗ ನರ್ಸರಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಕರಿಬಸವಯ್ಯ ನಕ್ಕಿದ್ದ. “ಇಂದ್ರಾಣಕ್ಕ, ಅದು ಚಳಿ ಬೆಟ್ಟದ ಗಿಡ, ನಿಮ್ ಸೈಟಲ್ಲಿರೋದು ಬರೀ ಮರಳು, ನೀರೇ ನಿಲ್ಲಲ್ಲ” ಎಂದಿದ್ದ. ಹಠಕ್ಕೆ ಬಿದ್ದು ಗುಂಡಿ ತೋಡಿ ಸರ್ವೆ ಮರದ ಉದುರೆಲೆ, ತೆಂಗಿನ ನಾರಿನ ಪುಡಿ ತುಂಬಿದೆವು. ಬೋರ್ ನೀರು ಗಡಸು ಎಂದು ಮಳೆನೀರು ಹಿಡಿದಿಟ್ಟೆವು. ಆದರೂ ಮೊದಲ ವರ್ಷ ಎಲೆಯೆಲ್ಲ ಹಳದಿಯಾಯಿತು. ಕಾರಣ ನಾನು. ನಮ್ಮಮ್ಮ ಎಲ್ಲ ಗಿಡಕ್ಕೂ ಹಾಕುತ್ತಿದ್ದಳೆಂದು ಇದಕ್ಕೂ ಒಲೆಬೂದಿ ಹಾಕಿದ್ದೆ. ಹುಳಿಮಣ್ಣು ಬೇಡುವ ಗಿಡಕ್ಕೆ ಬೂದಿ ವಿಷ ಎಂದು ಆಮೇಲೆ ತಿಳಿಯಿತು.

ನಿನಗೂ ಹಾಗೇ ಮಾಡಿದೆ. ಮೊದಲ ಸಲ ಬೆನ್ನ ತುಂಬ ಬಾಸುಂಡೆ ಹೊತ್ತು ಬಂದಾಗ ಹಿರಿಯರನ್ನು ಕೂರಿಸಿ ರಾಜಿ ಮಾಡಿಸಿ, ಮಡಿಲು ತುಂಬಿ ವಾಪಸು ಕಳಿಸಿದೆ. ನಮ್ಮಮ್ಮ ನನಗೆ ಮಾಡಿದ್ದೂ ಅದನ್ನೇ. ಎರಡನೇ ಸಲ ನೀನು ಕೈ ಮುರಿಸಿಕೊಂಡು ಬಂದೆ. ಆಗಲೂ “ಅನುಸರಿಸ್ಕೊಂಡು ಹೋಗವ್ವ” ಎಂದೆ. ಆ ಮಾತಾಡಿದ ನಾಲಿಗೆಯನ್ನು ಸೀಳಬೇಕು. ನನ್ನನ್ನು ಕ್ಷಮಿಸು ಎಂದು ಕೇಳುವ ಮುಖವೂ ನನಗಿಲ್ಲ.

ಅವನಿಗೆ ಗಂಜಿ ಕುಡಿಸಲು ಅಕ್ಕಂದಿರಿದ್ದಾರೆ. ನೀನು ಕೆಲಸಕ್ಕೆ ಹೋಗು. ಡೈವೋರ್ಸ್ ಕೇಸಿಗೆ ವಕೀಲರು ಹೇಳಿದ ತಾರೀಕಿಗೆ ಕೋರ್ಟಿಗೆ ಮಾತ್ರ ಬಾ.

ನಿನ್ನ ಅಮ್ಮ,
ಇಂದ್ರಾಣಿ

ಮತ್ತೊಂದು ಮಾತು: ಅವನು ಜಾರಿ ಬೀಳಲಿಲ್ಲ. ಬೆನ್ನು ತಿರುಗಿಸಿದಾಗ ಗುದ್ದಲಿಯ ಕಾವಿನಿಂದ ಹೊಡೆದೆ. ಬಿದ್ದ ಮೇಲೂ ಇನ್ನೊಂದು ಹೊಡೆದೆ. ಮನೆಯೊಳಗೆ ಅಡಗಿದ್ದ ನೀನೇ ಬಂದು ಹೊಡೆದೆ ಎಂದು ಇವತ್ತು ಅವನು ಪೊಲೀಸರಿಗೆ ಹೇಳಿದ್ದಾನೆ. ಗುದ್ದಲಿ ತೆಗೆದುಕೊಂಡು ಈಗ ಸ್ಟೇಷನ್ನಿಗೆ ಹೊರಟಿದ್ದೇನೆ. ನನ್ನನ್ನು ನೋಡಲೂ ಬರಬೇಡ.