ಕೆಂಪಂಚಿನ ಗಿಡ

ವಾಡಿ ಜಂಕ್ಷನ್,
೫ ಆಗಸ್ಟ್ ೧೯೩೭

ಚಿ. ಸೌ. ಗುರುಲಿಂಗಮ್ಮಳಿಗೆ ನಾಗೇಂದ್ರಪ್ಪನ ಆಶೀರ್ವಾದ.

ನಾವು ಇಲ್ಲಿ ಕ್ಷೇಮ. ನಿನ್ನ ಕ್ಷೇಮ ಕೇಳಲು ಬರೆಯುತ್ತಿದ್ದೇನೆಂದು ತಿಳಿಯಬೇಡ. ಗಂಡನ ಬಾಯಿಂದ ಸಿಟ್ಟಿನಲ್ಲಿ ಒಂದು ಮಾತು ಬಂದರೆ ಅದನ್ನೇ ಗಟ್ಟಿಯಾಗಿ ಹಿಡಿದು, ಅಣ್ಣನನ್ನು ಕರೆಸಿಕೊಂಡು ಗಾಡಿ ಹತ್ತಿದವಳ ಕ್ಷೇಮವನ್ನು ತವರಿನವರೇ ನೋಡಿಕೊಳ್ಳಲಿ.

ಕೆಲಸವಿದೆ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಇಂಜಿನಿಯರ್ ಸಾಹೇಬರ ಮೇಮ್‌ಸಾಹೇಬರು ಬೇಸಿಗೆಯಲ್ಲಿ ವಿಲಾಯತಿಗೆ ಹೊರಟಾಗ ಒಂದು ಗಿಡವನ್ನು ನಮ್ಮ ಮನೆಯಲ್ಲಿ ಇಟ್ಟು ಹೋದರಲ್ಲ, ನೀಲಿ ಹೂವಿನ ಚೀನಿ ಕುಂಡದ್ದು, ಅದರ ವಿಷಯ. ಎಲೆಗಳು ಮೆತ್ತಗಾಗಿ ಜೋತುಬಿದ್ದಿವೆ. ಅಂಚಿನ ಕೆಂಪು ಹೋಗಿ ಕಂದು ಬಣ್ಣ ಬಂದಿದೆ. ಒಟ್ಟಾರೆ ಗಿಡವೇ ಸೊರಗಿ ಸಣ್ಣದಾದಂತೆ ಕಾಣುತ್ತದೆ. ನೀರಿಗೇನೂ ಕಡಿಮೆ ಮಾಡಿಲ್ಲ. ಅವ್ವ ದಿನಾ ತಪ್ಪದೆ ಹಾಕುತ್ತಾಳೆ.

ಮೇಮ್‌ಸಾಹೇಬರು ಸೆಪ್ಟೆಂಬರ್ ಎರಡು, ಗುರುವಾರ, ಮುಂಬಯಿ ಮೇಲ್ ಗಾಡಿಗೆ ಬಂದಿಳಿಯುತ್ತಾರೆ. ನಮ್ಮ ಆಫೀಸಿನ ಹೆಡ್ ಕ್ಲಾರ್ಕ್ ಜಾಗ ಖಾಲಿಯಾಗಿರುವುದು ನಿನಗೆ ಗೊತ್ತು. ಶಿಫಾರಸು ಮಾಡುವವರು ಸಾಹೇಬರೇ. ಹೋದ ವಾರ ಎಲ್ಲರ ಎದುರಿಗೆ ನನ್ನನ್ನು ನಿಲ್ಲಿಸಿ, "ಪೌಧಾ ಕೈಸಾ ಹೈ?" ಎಂದು ಕೇಳಿದರು. ಗಿಡ ಚೆನ್ನಾಗಿದೆ ಎಂದು ಹೇಳಿ ಬಂದಿದ್ದೇನೆ.

ಆದ್ದರಿಂದ ಆ ಗಿಡಕ್ಕೆ ನೀನು ಏನೇನು ಮಾಡುತ್ತಿದ್ದೆ ಎಂಬುದನ್ನು ಮರುಟಪಾಲಿಗೆ ಬರೆದು ಕಳಿಸು. ಬೇರೆ ವಿಷಯ ಬರೆಯುವ ಅಗತ್ಯವಿಲ್ಲ.

ಇತಿ,
ನಾಗೇಂದ್ರಪ್ಪ

ತಾ.ಕ.: ನಿನ್ನ ಕಾಗದವನ್ನು ಅವ್ವನಿಗೂ ಓದಿ ಹೇಳಬೇಕಾಗುತ್ತದೆ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆ.


ಸೇಡಂ,
ಶ್ರಾವಣ ಶುದ್ಧ ಷಷ್ಠಿ

ವಾಡಿಯ ಮನೆಯ ಯಜಮಾನರಿಗೆ,

ಪಾದಗಳಿಗೆ ನಮಸ್ಕಾರ ಎಂದು ಬರೆಯುವುದು ಪದ್ಧತಿ. ಬರೆದಿದ್ದೇನೆಂದೇ ತಿಳಿದುಕೊಳ್ಳಿರಿ. ಅತ್ತೆಯವರಿಗೂ ಓದಿ ಹೇಳುತ್ತೀರಂತೆ. ಒಳ್ಳೆಯದು. ಗಟ್ಟಿಯಾಗಿ ಓದಿರಿ.

ನಿನ್ನೆ ಪಂಚಮಿ ಆಯಿತು. ನಮ್ಮವ್ವ ಓಣಿಯವರಿಗೆಲ್ಲ, "ಪಂಚಮಿಗಿ ಬಂದಾಳ್ರಿ, ಈ ಸಲ ಜರಾ ಜಲ್ದಿನೇ ಕಳಸ್ಯಾರ" ಎಂದು ಹೇಳುತ್ತ ಬಂದಿದ್ದಾಳೆ. ಆಷಾಢದ ಮೊದಲಿಗೇ ಪಂಚಮಿಗೆ ಬರುವ ಮಗಳು ಯಾವ ಊರಲ್ಲಿದ್ದಾಳೆ? ಹಬ್ಬದ ಉಂಡಿ ಕಟ್ಟಲು ಕೂತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇವತ್ತಿನಿಂದ "ಯಾವಾಗ ಹೋಗ್ತಿ?" ಎಂಬ ಪ್ರಶ್ನೆ ಶುರುವಾಗಿದೆ. ಬೇರೆ ವಿಷಯ ಬರೆಯಬೇಡ ಎಂದಿದ್ದೀರಿ. ಬರೆದೆ.

ಇನ್ನು ಗಿಡ. ಅದು ನಮ್ಮ ಕಡೆಯದಲ್ಲ, ಅದರ ಇಂಗ್ಲಿಷ್ ಹೆಸರು ನನ್ನ ನಾಲಿಗೆಗೆ ಹತ್ತಲಿಲ್ಲ. ಅಪ್ಪನ ಅಂಗಡಿಯ ಸೀರೆಗಳ ನಡುವೆ ಬೆಳೆದವಳು ನಾನು. ಹಸಿರು ಒಡಲು, ಕೆಂಪು ಅಂಚು ಕಂಡು ಕೆಂಪಂಚಿನ ಗಿಡ ಎಂದು ಹೆಸರಿಟ್ಟೆ. ಅದರ ಎಲೆಯನ್ನು ಎಂದಾದರೂ ಬೆರಳಲ್ಲಿ ಹಿಡಿದು ನೋಡಿದ್ದೀರಾ? ಹೋಳಿಗೆಯಷ್ಟು ದಪ್ಪ. ಕುಡಿದ ನೀರನ್ನೆಲ್ಲ ಎಲೆಯಲ್ಲೇ ಕೂಡಿಟ್ಟುಕೊಳ್ಳುವ ಜಾತಿ ಅದು. ಮೇಮ್‌ಸಾಹೇಬರು ನನ್ನ ಬೆರಳನ್ನು ಮಣ್ಣಿನೊಳಗೆ ಒತ್ತಿಸಿ, "ಗೀಲಾ ಹೈ ತೋ ಪಾನಿ ನಹೀಂ" ಎಂದು ಹೇಳಿಕೊಟ್ಟಿದ್ದರು. ಬೆರಳಿಗೆ ಹಸಿ ಹತ್ತಿದರೆ ನೀರು ಬೇಡ, ಪೂರ್ತಿ ಒಣಗಿದ್ದರೆ ಒಂದು ಲೋಟ, ಅಷ್ಟೇ. ಕಿಟಕಿಯ ಬೆಳಕು ಬೇಕು, ನೇರ ಬಿಸಿಲು ಬೇಡ. ಬೆಳಕಿನ ಕಡೆಗೇ ವಾಲುತ್ತದೆ, ಆಗಾಗ ಕುಂಡ ತಿರುಗಿಸಿಡಬೇಕು. ಇಂಜಿನ್ನುಗಳ ಮಸಿ ಬಂದು ಎಲೆಗಳ ಮೇಲೆ ಕೂರುತ್ತದೆ. ಒದ್ದೆ ಅರಿವೆಯಿಂದ ಒಂದೊಂದೇ ಎಲೆ ಒರೆಸಬೇಕು. ನಾನು ಒರೆಸುತ್ತಿದ್ದಾಗ ನೀವು, "ಎಮ್ಮಿ ಮೈ ತೊಳದಂಗ ತೊಳೀಲಿಕತ್ತಾಳ" ಎಂದು ನಕ್ಕಿದ್ದಿರಿ. ಈಗ ನೀವೇ ತೊಳೆಯಿರಿ.

ಆ ಚೀನಿ ಕುಂಡಕ್ಕೆ ಬುಡದಲ್ಲಿ ತೂತಿಲ್ಲ. ಚೆಂದಕ್ಕೆ ಮಾಡಿದ ಕುಂಡ. ಹಾಕಿದ ನೀರು ಹೊರಗೆ ಹೋಗಲು ದಾರಿಯಿಲ್ಲ, ಬೇರಿಗೇ ನಿಲ್ಲುತ್ತದೆ. ದಿನಾ ತಪ್ಪದೆ ನೀರು ಹಾಕುತ್ತಿರುವುದು ಯಾರು ಎಂದು ನೀವೇ ಬರೆದಿದ್ದೀರಿ.

ಲಿಂಗಪೂಜೆಯ ನೀರು ಯಾರ ಕಾಲಿಗೂ ಸಿಗಬಾರದು, ಗಿಡದ ಬುಡಕ್ಕೆ ಹೋಗಬೇಕು. ಇದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ನನ್ನ ಕೊರಳಲ್ಲೂ ಲಿಂಗವಿದೆ. ಆದರೆ ನಮ್ಮ ಕ್ವಾರ್ಟರ್ಸ್ ಎಂಥದು? ಅಡುಗೆಮನೆಯಿಂದ ಅಂಗಳದ ತನಕ ಶಹಾಬಾದಿನ ಪರಸಿ ಕಲ್ಲು. ಇಡೀ ಮನೆಯಲ್ಲಿ ಮಣ್ಣು ಇರುವುದು ಆ ಒಂದು ಕುಂಡದಲ್ಲಿ. ಅತ್ತೆಯವರು ಪೂಜೆ ಮುಗಿಸಿ ತಟ್ಟೆಯ ನೀರನ್ನೆಲ್ಲ ಅದಕ್ಕೇ ಸುರಿಯುತ್ತಾರೆ. ಬೇಡವೆಂದು ನಿಮಗೆ ಹೇಳಿದಾಗ, "ನೀರು ಹಾಕಿದ್ರ ಗಿಡ ಸಾಯ್ತದೇನು? ಭಾಳ ಶ್ಯಾಣ್ಯಾಕಿ ಬಂದಿದಿ" ಎಂದಿರಿ. ಈಗ ಶ್ರಾವಣ. ಪೂಜೆ ಹೆಚ್ಚು, ನೀರೂ ಹೆಚ್ಚು. ಕುಂಡಕ್ಕೆ ಹಾಕಬೇಡ ಎಂದು ತಾಯಿಗೆ ಹೇಳುವ ಧೈರ್ಯ ನಿಮಗಿದ್ದರೆ ಹೇಳಿರಿ, ಗಿಡ ಬದುಕೀತು.

ಗಿಡ ಸಣ್ಣದಾದಂತೆ ಕಾಣುತ್ತದೆ ಎಂದು ಬರೆದಿದ್ದೀರಿ. ಓದಿ ನಗು ಬಂತು. ಮೇಮ್‌ಸಾಹೇಬರು ಕೊಟ್ಟಾಗ ಅದಕ್ಕೆ ಎಷ್ಟು ರೆಂಬೆಗಳಿದ್ದವು? ಇದಕ್ಕೊಂದು ಉತ್ತರ ಬರೆದು ಕಳಿಸಿರಿ.

ಇತಿ,
ಗುರುಲಿಂಗಮ್ಮ

ತಾ.ಕ.: ಅತ್ತೆಯವರ ಮೊಣಕಾಲಿಗೆ ಹಚ್ಚುವ ಎಣ್ಣೆ ಗೋಡೆಯ ಗೂಡಿನಲ್ಲಿ, ಉಪ್ಪಿನ ಭರಣಿಯ ಹಿಂದೆ ಇದೆ. ಶ್ರಾವಣದ ಥಂಡಿಗೆ ಅವರಿಗೆ ನೋವು ಏಳುತ್ತದೆ.


ವಾಡಿ ಜಂಕ್ಷನ್,
೨೪ ಆಗಸ್ಟ್ ೧೯೩೭

ಗುರುಲಿಂಗಮ್ಮಳಿಗೆ,

ಆಶೀರ್ವಾದ ಬರೆಯಲು ಮನಸ್ಸಿಲ್ಲ. ನಿನ್ನೆ ಸೋಮವಾರ ಗಿಡ ಸತ್ತಿತು. ಎತ್ತಿ ನಿಲ್ಲಿಸೋಣವೆಂದು ಕಾಂಡ ಹಿಡಿದರೆ ಕೈಗೇ ಬಂತು. ಪಕ್ಕದ ಮನೆಯ ಗಾರ್ಡ್ ಸಾಹೇಬರ ಹೆಂಡತಿ ಕಮರುನ್ನೀಸಾ ಬಂದು ನೋಡಿ, "ಜಡ್ ಸಡ್ ಗಯಾ ಭಾಯಿ" ಎಂದರು. ಬೇರು ಕೊಳೆತಿದೆಯಂತೆ. ಹೋಗುವಾಗ ನನ್ನ ಮುಖ ನೋಡಿ ಇನ್ನೇನೋ ಹೇಳಲು ಬಂದರು, ನಾನು ಕೇಳುವ ಸ್ಥಿತಿಯಲ್ಲಿರಲಿಲ್ಲ.

ನಿನ್ನ ಕಾಗದವನ್ನು ಅವ್ವನಿಗೆ ಓದಲಿಲ್ಲ. "ನಿನ್ನ ಪೂಜೆಯಿಂದ ಗಿಡ ಕೊಳೆಯಿತು" ಎಂದು ಹೆತ್ತ ತಾಯಿಗೆ ಯಾವ ಬಾಯಿಂದ ಹೇಳಲಿ? ನೀನು ಹೇಳಬಲ್ಲೆ, ಏಕೆಂದರೆ ಲಿಂಗದ ನೀರನ್ನು ಬಚ್ಚಲಿಗೆ ಒಯ್ದವಳು ನೀನು. "ಲಿಂಗದ ನೀರು ಬಚ್ಚಲಿಗಿ ಚೆಲ್ಲಾಕತ್ಯಾಳ ನೋಡೋ ನಿನ್ನ ಹೆಂಡ್ತಿ!" ಎಂದು ಅವ್ವ ಕೂಗಿದ್ದು ಕ್ವಾರ್ಟರ್ಸ್ ಸಾಲಿನ ಎಲ್ಲ ಮನೆಗಳಿಗೂ ಕೇಳಿಸಿತು. "ತಪ್ಪಾತು ಅನ್ನು, ಇಲ್ಲಂದ್ರ ತವರಿಗಿ ನಡಿ" ಎಂದೆ. ಯಾವ ಗಂಡನಾದರೂ ಅದನ್ನೇ ಅನ್ನುತ್ತಿದ್ದ. ನೀನು ತಪ್ಪಾಯಿತು ಎನ್ನಲಿಲ್ಲ, ತವರಿಗೆ ನಡೆದೆ. ಹಟ ಗೆದ್ದಿತು, ಗಿಡ ಸತ್ತಿತು.

ಸಾಹೇಬರಿಗೆ ಇನ್ನೂ ಹೇಳಿಲ್ಲ. ಸೆಪ್ಟೆಂಬರ್ ಎರಡರ ಗುರುವಾರ ನೀನು ಸ್ಟೇಷನ್ನಿಗೆ ಬರಬೇಕು. ಮೇಮ್‌ಸಾಹೇಬರ ಎದುರು ನಿಂತು, ಗಿಡವನ್ನು ಬಿಟ್ಟು ತವರಿಗೆ ಹೋದೆ, ನೋಡಿಕೊಳ್ಳದೆ ಸತ್ತಿತು, ನಮ್ಮವರ ತಪ್ಪಿಲ್ಲ ಎಂದು ಹೇಳಬೇಕು. ಹೆಂಗಸರ ತಪ್ಪನ್ನು ಹೆಂಗಸರು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಆಮೇಲೆ ಮನೆಗೆ ಬಂದು, ಮಠದ ಅಯ್ಯನವರ ಎದುರಿಗೆ ಅವ್ವನ ಕಾಲು ಹಿಡಿದು, ಆ ನೀರಿನ ತಪ್ಪನ್ನು ಒಪ್ಪಿಕೋ. ಎರಡೂ ಮಾಡಿದರೆ ಬಾಗಿಲು ತೆರೆದಿದೆ. ಇಲ್ಲದಿದ್ದರೆ ಮುಚ್ಚಿದೆಯೆಂದು ತಿಳಿ.

ರೆಂಬೆ ಎಣಿಸುತ್ತ ಕೂರಲು ನಾನೇನು ಮಾಲಿಯೇ?

ಇತಿ,
ನಾಗೇಂದ್ರಪ್ಪ

ತಾ.ಕ.: ಎಣ್ಣೆ ಸಿಗಲಿಲ್ಲ. ಯಾವ ಗೂಡು?


ಸೇಡಂ,
ಶ್ರಾವಣ ಬಹುಳ ಸಪ್ತಮಿ

ನಾಗೇಂದ್ರಪ್ಪನವರಿಗೆ,

ಹೆಸರು ಹಿಡಿದು ಬರೆದಿದ್ದೇನೆ. ಮದುವೆಯಲ್ಲಿ ಒಡಪು ಹಾಕಿ ಹೇಳಿದ್ದು ಬಿಟ್ಟರೆ ನಿಮ್ಮ ಹೆಸರನ್ನು ನಾನು ಬಾಯಿ ಬಿಟ್ಟು ಅಂದವಳಲ್ಲ. ಅಂದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಹೆದರಿಸಿದ್ದರು. ನಿಮಗೇನೂ ಆಗುವುದಿಲ್ಲ, ಹೆದರಬೇಡಿರಿ.

ನಿಮ್ಮ ಕಾಗದವನ್ನು ನಮ್ಮವ್ವನಿಗೆ ಓದಿ ಹೇಳಿದೆ. ಅವಳು ಕಣ್ಣೊರೆಸಿಕೊಂಡು, "ಹೋಗವ್ವ, ಒಂದು ಸಲ ತಪ್ಪಾತು ಅಂದ್ರ ಬಾಯಿ ಸವೀತದೇನು? ಮನಿ ಉಳೀತದ" ಎಂದಳು. ಸುಳ್ಳು ಯಾಕೆ ಬರೆಯಲಿ, ನಾನೂ ಯೋಚಿಸಿದೆ. ತವರಿನಲ್ಲಿ ಹಬ್ಬದ ಮಗಳಿಗೆ ಇರುವ ಮರ್ಯಾದೆ ಬಿಟ್ಟುಬಂದ ಮಗಳಿಗೆ ಇರುವುದಿಲ್ಲ. ಅತ್ತಿಗೆ ಈಗಲೇ ನನ್ನ ಹಾಸಿಗೆಯನ್ನು ನಡುಮನೆಯಿಂದ ಪಡಸಾಲೆಗೆ ತಂದಿದ್ದಾಳೆ. ಹೇಳಿಬಿಡೋಣ ಎಂದೂ ಅನ್ನಿಸಿತು. ಆದರೆ ಮಾಡದ್ದನ್ನು ಮಾಡಿದೆನೆಂದು ಇವತ್ತು ಒಪ್ಪಿಕೊಂಡರೆ, ನಾಳೆ ನಿಮ್ಮ ಮನೆಯಲ್ಲಿ ಹಾಲು ಉಕ್ಕಿದರೂ ನಾನೇ ಉಕ್ಕಿಸಿದಂತಾಗುತ್ತದೆ. ಹಾಗೆ ಬದುಕಲು ನನ್ನಿಂದ ಆಗುವುದಿಲ್ಲ.

ಆ ದಿನ ನೀವು ಕೇಳದೆ ಹೋದದ್ದನ್ನು ಈಗ ಬರೆಯುತ್ತೇನೆ. ನಮ್ಮ ಬಚ್ಚಲಿಗೆ ಹಿಂದೆ ಒಂದು ಬಾಗಿಲಿದೆ. ಬಾಗಿಲಾಚೆ ಬೇವಿನ ಮರವಿದೆ. ಅತ್ತೆಯವರು ಕುಂಡಕ್ಕೆ ಸುರಿದ ನೀರನ್ನು ನಾನು ಕುಂಡ ವಾಲಿಸಿ ಅಗಲ ಪರಾತಕ್ಕೆ ಬಸಿದು, ಬಚ್ಚಲು ದಾಟಿ, ಆ ಬೇವಿನ ಬುಡಕ್ಕೆ ಹಾಕಿ ಬರುತ್ತಿದ್ದೆ. ದಿನಾ ಹಾಗೇ ಮಾಡಿದ್ದೇನೆ. ಒಂದು ಹನಿ ಬಚ್ಚಲಿಗೆ ಬಿದ್ದಿಲ್ಲ. ಅತ್ತೆಯವರು ನನ್ನನ್ನು ಬಚ್ಚಲಿನವರೆಗೆ ಕಂಡರು, ಮುಂದಿನದು ಅವರಿಗೆ ಕಾಣಲಿಲ್ಲ. ಅವರ ಕಣ್ಣು ಮಂದ, ಅವರ ಮೇಲೆ ನನಗೆ ಸಿಟ್ಟಿಲ್ಲ. ನಿಮ್ಮ ಕಣ್ಣಿಗೆ ಏನಾಗಿತ್ತು? "ಹೌದೇನು? ಎಲ್ಲಿಗಿ ಒಯ್ದಿದ್ದಿ?" ಎಂದು ಒಂದು ಮಾತು ಕೇಳಿದ್ದರೆ ಕೈಹಿಡಿದು ಮರದ ಹತ್ತಿರ ಕರೆದೊಯ್ದು ತೋರಿಸುತ್ತಿದ್ದೆ. ನಾನು ಬಾಯಿ ತೆರೆದೆ. "ಎದುರ ಮಾತಾಡ್ತಿ?" ಎಂದಿರಿ. ಆಮೇಲೆ ತೆರೆಯಲಿಲ್ಲ.

ನಂಬಿಕೆ ಬಾರದಿದ್ದರೆ ಕಮರುನ್ನೀಸಾ ಅವರನ್ನು ಕೇಳಿರಿ. ಆ ಬೇವಿನ ಕೆಳಗೆ ಕೂತು ಪಾತ್ರೆ ಬೆಳಗುವವರು ಅವರೇ. ನಿಮ್ಮ ಮುಖ ನೋಡಿ ಹೇಳಲು ಬಂದದ್ದು ಅದನ್ನೇ ಇರಬೇಕು. ನೀವು ಅವರನ್ನೂ ಕೇಳಲಿಲ್ಲ.

ಅತ್ತೆಯವರ ಕಾಲಿಗೆ ಹಿರಿಯರೆಂದು ದಿನಾ ಬೆಳಿಗ್ಗೆ ಬಿದ್ದಿದ್ದೇನೆ, ಇನ್ನೂ ಬೀಳುತ್ತೇನೆ. ಅಯ್ಯನವರನ್ನು ಸಾಕ್ಷಿಗೆ ಕೂರಿಸಿ, ಕದ್ದವಳ ಹಾಗೆ ಬೀಳುವುದಿಲ್ಲ. ಮೇಮ್‌ಸಾಹೇಬರಿಗೆ ನೀವು ಹೇಳಿಕೊಟ್ಟ ಮಾತನ್ನೂ ಹೇಳುವುದಿಲ್ಲ. ಅವರು ಗಿಡವನ್ನು ಕೊಟ್ಟದ್ದು ನನ್ನ ಕೈಯಲ್ಲಿ, ನಿಮ್ಮ ಆಫೀಸಿನಲ್ಲಲ್ಲ. ಬಾಗಿಲು ಮುಚ್ಚುವುದಾದರೆ ಮುಚ್ಚಿಕೊಳ್ಳಿರಿ. ಆದರೆ ಹಿಂದಿನ ಬಾಗಿಲು ತೆರೆದಿಡಿರಿ. ಅತ್ತೆಯವರ ಪೂಜೆಯ ತಟ್ಟೆಯನ್ನು ಇನ್ನು ಮೇಲೆ ನೀವೇ ಬೇವಿನ ತನಕ ಒಯ್ಯಬೇಕು. ಅವರ ಮೊಣಕಾಲಿಗೆ ಆ ಮೆಟ್ಟಿಲು ಇಳಿಯಲು ಆಗುವುದಿಲ್ಲ.

ಗುರುವಾರ ಅಪ್ಪನ ಜೊತೆ ಬೆಳಗಿನ ಗಾಡಿಗೆ ವಾಡಿಗೆ ಬರುತ್ತೇನೆ.

ಇತಿ,
ಸೂಗಪ್ಪನವರ ಮಗಳು ಗುರುಲಿಂಗಮ್ಮ

ತಾ.ಕ.: ಎಣ್ಣೆ ಅಡುಗೆಮನೆಯ ಎಡಗಡೆಯ ಗೂಡಿನಲ್ಲಿದೆ.

ಇನ್ನೊಂದು ಮಾತು. ನಿಮ್ಮ ಕೈಗೆ ಕೊಳೆತು ಬಂದದ್ದು ಮೇಮ್‌ಸಾಹೇಬರ ಗಿಡವಲ್ಲ. ಬೇಸಿಗೆಯಲ್ಲಿ ಮುರಿದು ಬಿದ್ದಿದ್ದ ಒಂದು ರೆಂಬೆಯನ್ನು ನಾನು ಕುಡಿಕೆಯಲ್ಲಿ ನೆಟ್ಟು ಅಡುಗೆಮನೆಯ ಕಿಟಕಿಯಲ್ಲಿ ಇಟ್ಟಿದ್ದೆ, ಅದು ಬೇರು ಬಿಟ್ಟಿತ್ತು. ತವರಿಗೆ ನಡೆ ಎಂದಿರಲ್ಲ, ಆಗಲೇ ಅಂದುಕೊಂಡೆ, ನಾನು ಹೋದ ಮೇಲೆ ನೀರು ಬಸಿಯುವವರು ಯಾರೂ ಇಲ್ಲವೆಂದು. ಆ ಸಣ್ಣದನ್ನು ಚೀನಿ ಕುಂಡದಲ್ಲಿ ಇಟ್ಟೆ. ದೊಡ್ಡ ಗಿಡವನ್ನು ಬುಡಕ್ಕೆ ತೂತಿರುವ ಮಣ್ಣಿನ ಗಡಿಗೆಗೆ ಬದಲಿಸಿ, ಹಳೆಯ ಸೀರೆ ಸುತ್ತಿ, ನಿಮ್ಮ ಎದುರಿಗೇ ಎತ್ತಿಕೊಂಡು ಹೊರಟೆ. ಆರು ರೆಂಬೆಯ ಗಿಡ ಹೋಗಿ ಒಂದು ರೆಂಬೆಯದು ಉಳಿದದ್ದನ್ನು ನೀವು ಇಷ್ಟು ದಿನ ನೋಡುತ್ತಲೇ ಇದ್ದಿರಿ. ನಿಮಗೆ ಗುರುತು ಸಿಕ್ಕಿದ್ದು ಕುಂಡದ್ದು ಮಾತ್ರ.

ಗಿಡ ಇಲ್ಲಿ ಅಪ್ಪನ ಅಂಗಡಿಯ ಕಿಟಕಿಯಲ್ಲಿ ಚೆನ್ನಾಗಿದೆ. ಹೊಸ ಎಲೆಗಳು ಬಂದಿವೆ, ಅಂಚು ಕೆಂಪಗಿದೆ. ಗುರುವಾರ ನಾನು ಅದನ್ನು ತರುತ್ತೇನೆ. ನೀವು ಆ ಖಾಲಿ ಕುಂಡವನ್ನು ತೊಳೆದುಕೊಂಡು ಬನ್ನಿರಿ. ಇಷ್ಟು ತಿಂಗಳು ಗಿಡವನ್ನು ಉಳಿಸಿದವರು ಯಾರು ಎಂದು ಮೇಮ್‌ಸಾಹೇಬರು ಕೇಳೇ ಕೇಳುತ್ತಾರೆ. ನಾನು ಬಾಯಿ ತೆರೆಯುವುದಿಲ್ಲ. ಸಾಹೇಬರ ಎದುರಿಗೆ ನೀವೇ ಉತ್ತರ ಹೇಳಿರಿ, ನಾನು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತೇನೆ. ಕ್ವಾರ್ಟರ್ಸಿಗೆ ಬರಬೇಕೋ ಬೇಡವೋ ಎಂಬುದನ್ನು ಆಮೇಲೆ ನಾನು ಹೇಳುತ್ತೇನೆ. ಸೇಡಂಗೆ ಮರಳುವ ಗಾಡಿ ಸಂಜೆಗೆ ಇದೆ.